ಪಂಪ್ ಓಡುತ್ತಿದೆ, ಗೇಜ್ ಇಳಿಯುತ್ತಿಲ್ಲ: ಕೊಡಗಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ದೂರು ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತದೆ. ಮುಚ್ಚಿದ ಪಾತ್ರೆಯಿಂದ, ಅಂದರೆ ಚೇಂಬರಿನಿಂದ, ಗಾಳಿ ಎಳೆದು ನಿರ್ವಾತ (ವ್ಯಾಕ್ಯೂಮ್) ಮಾಡುವ ರೋಟರಿ ಪಂಪ್ ಓಡುತ್ತಿದೆ, ಸದ್ದು ಮಾಮೂಲಿ, ಆಯಿಲ್ ಮಟ್ಟ ಸರಿ. ಬೇಸಿಗೆಯಲ್ಲಿ 0.02 ಮಿಲಿಬಾರ್‌ಗೆ ಇಳಿಯುತ್ತಿದ್ದ ಪಿರಾನಿ ಗೇಜ್ (ಒಳಗೆ ಉಳಿದ ಒತ್ತಡ ತೋರಿಸುವ ಮೀಟರ್) ಈಗ 0.2ಕ್ಕೆ ಬಂದು ನಿಂತುಬಿಟ್ಟಿದೆ. ಎಷ್ಟು ಹೊತ್ತು ಕಾದರೂ ಅಲ್ಲೇ.

ಕಾರಣ ನಾಲ್ಕರಲ್ಲಿ ಒಂದು. ಪಂಪ್ ಸೋತಿರಬೇಕು, ಎಲ್ಲೋ ಗಾಳಿ ಸೋರುತ್ತಿರಬೇಕು, ಒಳಗೆ ನೀರಿನ ಆವಿ ಇರಬೇಕು, ಇಲ್ಲವೇ ಗೇಜೇ ಸುಳ್ಳು ಹೇಳುತ್ತಿರಬೇಕು. ಜನ ಮೊದಲು ಪಂಪಿನ ಆಯಿಲ್ ಬದಲಿಸುತ್ತಾರೆ. ಆಮೇಲೆ ಜೋಡಣೆಗಳ ರಬ್ಬರ್ ಬಳೆಗೆ, ಅಂದರೆ ಓ ರಿಂಗ್‌ಗೆ, ಗ್ರೀಸ್ ಬಳಿಯುತ್ತಾರೆ. ಯಾವುದೂ ಕೆಲಸ ಮಾಡದಿದ್ದಾಗ ಗೇಜಿನ ಸೊನ್ನೆ ಹೊಂದಿಸುವ ಝೀರೋ ಸ್ಕ್ರೂ ತಿರುಗಿಸುತ್ತಾರೆ. ಮುಳ್ಳು ಖಂಡಿತ ಇಳಿಯುತ್ತದೆ. ಒಳಗಿನ ಒತ್ತಡ ಇಳಿದಿರುವುದಿಲ್ಲ, ಅಷ್ಟೇ. ಅಲ್ಲಿಗೆ ನಿಜವಾದ ದೋಷ ಹುಡುಕುವ ದಾರಿಯೂ ಮುಚ್ಚಿಹೋಯಿತು. ಆದ್ದರಿಂದ ಝೀರೋ ಸ್ಕ್ರೂಗೆ ಕೊನೆಯವರೆಗೂ ಕೈ ಹಾಕಬೇಡಿ.

ಕಾಲೇಜು ಲ್ಯಾಬ್‌ನ ಚಿಕ್ಕ ಕೋಟಿಂಗ್ ಯೂನಿಟ್ (ನಿರ್ವಾತದಲ್ಲಿ ಗಾಜಿನಂಥವಕ್ಕೆ ತೆಳು ಪದರ ಹಚ್ಚುವ ಯಂತ್ರ) ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಏಸಿ, ಫ್ರಿಜ್ ರಿಪೇರಿ ಮಾಡುವವರಿಗೂ ಕಾಫಿ ಪುಡಿ ಪ್ಯಾಕ್ ಮಾಡುವವರಿಗೂ ಇದರಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತದೆ.

ಮೊದಲು ಎತ್ತರದ ಲೆಕ್ಕ

ಡಯಲ್ ಗೇಜ್ ಇಟ್ಟುಕೊಂಡವರ ಅರ್ಧ ದೂರು ದೋಷವೇ ಅಲ್ಲ. ಅದರಲ್ಲಿರುವುದು ಬೂರ್ಡನ್ ಕೊಳವೆ, ಅಂದರೆ ಒತ್ತಡಕ್ಕೆ ತಕ್ಕಂತೆ ಬಾಗುವ ಲೋಹದ ಕೊಳವೆ. ಅದು ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಜೊತೆ ಹೋಲಿಸುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್, ಅಂದರೆ ಪಾದರಸದ 760 ಮಿಲಿಮೀಟರ್. ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ಇಲ್ಲಿ ಹೊರಗಿರುವುದೇ ಸುಮಾರು 880 ಮಿಲಿಬಾರ್. ಹಾಗಾಗಿ ಒಳಗಿನ ಗಾಳಿಯನ್ನೆಲ್ಲ ತೆಗೆದರೂ ಪಾದರಸದ ಮಿಲಿಮೀಟರ್ ಡಯಲಿನ ಮುಳ್ಳು 660ರ ಹತ್ತಿರ ನಿಲ್ಲುತ್ತದೆ. ಇಂಚಿನ ಡಯಲ್ ಆದರೆ 26. ಕುಶಾಲನಗರ ಸ್ವಲ್ಪ ಕೆಳಗಿದೆ, ಅಲ್ಲಿ 27ರವರೆಗೆ ಹೋಗುತ್ತದೆ.

ಮಂಗಳೂರಿನಲ್ಲಿ ಕೆಲಸ ಕಲಿತು ಬಂದ ಏಸಿ ಮೆಕ್ಯಾನಿಕ್ ಒಬ್ಬರು ಫೋನ್ ಮಾಡಿ, ‘ಅಣ್ಣಾ, ಅದೇ ಪಂಪ್, ಅದೇ ಗೇಜ್. ಅಲ್ಲಿ 29 ದಾಟ್ತಿತ್ತು, ಇಲ್ಲಿ 26ಕ್ಕೇ ಕೂತ್ಬಿಡ್ತದೆ. ಹೊಸ ಪಂಪ್ ತಗೊಳ್ಳಾ?’ ಅಂತ ಕೇಳಿದ್ದರು. ಪಂಪ್ ಚೆನ್ನಾಗಿಯೇ ಇತ್ತು. ಗೇಜೂ ಚೆನ್ನಾಗಿತ್ತು. ಅವರು ಘಟ್ಟ ಹತ್ತಿ ಬಂದಿದ್ದರು.

ಇನ್ನೊಂದು ಮಾತು. 1 ಮಿಲಿಬಾರ್‌ಗೂ 0.01 ಮಿಲಿಬಾರ್‌ಗೂ ಇರುವ ವ್ಯತ್ಯಾಸ ಡಯಲ್ ಗೇಜಿಗೆ ಕಾಣುವುದೇ ಇಲ್ಲ. ಹವೆ ಬದಲಾದಾಗ ಹೊರಗಿನ ಒತ್ತಡವೇ ಅದಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಏಸಿ ಲೈನ್ ಒಣಗಿದೆಯೇ ಎಂದು ನೋಡಲು ಮೈಕ್ರಾನ್ ಗೇಜ್ ಬೇಕೇ ಬೇಕು. ಸಾಮಾನ್ಯವಾಗಿ ಹೇಳುವ ಗುರಿ 500 ಮೈಕ್ರಾನ್, ಅಂದರೆ 0.67 ಮಿಲಿಬಾರ್.

ಯೂನಿಟ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 1 ಟಾರ್ ಅಂದರೆ 1.33 ಮಿಲಿಬಾರ್, 1 ಮಿಲಿಬಾರ್ ಅಂದರೆ 100 ಪ್ಯಾಸ್ಕಲ್, 1000 ಮೈಕ್ರಾನ್ ಅಂದರೆ 1 ಟಾರ್. ಹಳೇ ನೋಟ್‌ಬುಕ್ಕಿನ ಸಂಖ್ಯೆ ಟಾರ್‌ನಲ್ಲಿದ್ದು ಹೊಸ ಡಿಸ್‌ಪ್ಲೇ ಪ್ಯಾಸ್ಕಲ್‌ನಲ್ಲಿದ್ದರೆ ಪಂಪ್ ಸತ್ತೇಹೋದಂತೆ ಕಾಣುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ಪಿರಾನಿ ನೋಡುವುದು ಒತ್ತಡವನ್ನಲ್ಲ

ಮಾರ್ಸೆಲ್ಲೋ ಪಿರಾನಿ 1906ರಲ್ಲಿ ಈ ಗೇಜ್ ಮಾಡಿದ. ಅವನು ಆಗ ಬರ್ಲಿನ್‌ನಲ್ಲಿ ಬಲ್ಬ್ ತಯಾರಿಕೆಯ ಕೆಲಸದಲ್ಲಿದ್ದ. ಕೆಲಸ ಮಾಡುವ ಬಗೆ ಸರಳ. ಕೂದಲಿಗಿಂತ ತೆಳ್ಳಗಿನ ತಂತಿಯೊಂದನ್ನು ಕರೆಂಟ್ ಹರಿಸಿ ಬಿಸಿ ಮಾಡುತ್ತಾರೆ. ಸುತ್ತಲಿನ ಅನಿಲ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಅನಿಲ ಕಡಿಮೆಯಾದಷ್ಟೂ ಹೋಗುವ ಬಿಸಿ ಕಡಿಮೆ. ಗೇಜ್ ಅಳೆಯುವುದು ಈ ಬಿಸಿಯ ನಷ್ಟವನ್ನು. ಒತ್ತಡ ಎಂದು ತೋರಿಸುವುದು ಅದರ ಊಹೆ.

ಇದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ತಂತಿಗೆ ಪಂಪ್ ಆಯಿಲ್ ಅಂಟಿದರೆ ಬಿಸಿ ಜಾಸ್ತಿ ಹೋಗುತ್ತದೆ, ಗೇಜ್ ಒತ್ತಡ ಜಾಸ್ತಿ ಇದೆ ಎನ್ನುತ್ತದೆ. ಗಾಳಿಗೆಂದು ಗುರುತು ಹಾಕಿದ ಗೇಜಿನ ಒಳಗೆ ನೀರಿನ ಆವಿಯೇ ತುಂಬಿದ್ದರೆ ಅದು ಇರುವುದರ ಸುಮಾರು ಎರಡರಷ್ಟು ತೋರಿಸುತ್ತದೆ. ಆರ್ಗಾನ್ ಬಿಟ್ಟರೆ ಉಲ್ಟಾ, ಇರುವುದಕ್ಕಿಂತ ಕಡಿಮೆ. ಕನೆಕ್ಟರ್ ಪಿನ್ ಹಸಿರುಗಟ್ಟಿ ಒಂದೆರಡು ಓಂ ರೋಧ ಸೇರಿಕೊಂಡರೂ ಲೆಕ್ಕ ತಪ್ಪುತ್ತದೆ. ಏಕೆಂದರೆ ಅದು ನೋಡುವುದೇ ತಂತಿಯ ರೋಧವನ್ನು.

ಆದ್ದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು. ಗೇಜ್ ಓಡುತ್ತಿರುವಾಗ ಕೇಬಲನ್ನು ಕನೆಕ್ಟರ್ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮುಳ್ಳು ಹಾರಿದರೆ ದೋಷ ಅಲ್ಲೇ ಇದೆ. ಪವರ್ ತೆಗೆದು, ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನಾಲ್ಕು ಸಲ ಹಾಕಿ ತೆಗೆದು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿ, ಬೆಲ್ಟ್‌ಗೇ ಬೂಷ್ಟು ಹಿಡಿಯುತ್ತದೆ. ಪಿನ್ ಬಿಡುತ್ತದೆಯೇ?

ವಾಲ್ವ್ ಮುಚ್ಚಿ ನೋಡುವ ಪರೀಕ್ಷೆ

ಒಂದೇ ಒಂದು ಪರೀಕ್ಷೆ ಮಾಡಲು ಪುರುಸೊತ್ತಿದೆ ಎಂದರೆ ಇದನ್ನು ಮಾಡಿ. ಚೇಂಬರ್ ಮತ್ತು ಪಂಪಿನ ನಡುವಿನ ವಾಲ್ವ್ ಮುಚ್ಚಿ. ಗೇಜ್ ಚೇಂಬರ್ ಕಡೆಗೇ ಇರಬೇಕು. ನಿಮಿಷಕ್ಕೊಮ್ಮೆ ರೀಡಿಂಗ್ ಬರೆದುಕೊಂಡು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ. ಮೊಬೈಲ್‌ನಲ್ಲಿ ಡಿಸ್‌ಪ್ಲೇಯ ವಿಡಿಯೋ ಮಾಡಿಟ್ಟುಕೊಂಡರೂ ಆದೀತು.

ಒತ್ತಡ ನೇರ ಗೆರೆಯಲ್ಲಿ ಏರುತ್ತಲೇ ಹೋದರೆ ಸೋರಿಕೆ. ಹೊರಗಿನ ಗಾಳಿ ಒಂದೇ ಸಮನೆ ಬರುತ್ತಿದೆ ಎಂದರ್ಥ. ಮೊದಲು ಬೇಗ ಏರಿ ಆಮೇಲೆ ನಿಧಾನವಾಗಿ ಬಾಗಿ ಒಂದು ಮಟ್ಟಕ್ಕೆ ನಿಂತರೆ ಅದು ಸೋರಿಕೆಯಲ್ಲ, ಒಳಗಿನ ತೇವ. ಮಳೆ ನಿಂತು ವಾರವಾದರೂ ನಮ್ಮ ಗೋಡೆಗಳು ತಣ್ಣಗೆ ಹಸಿ ಬಿಡುತ್ತಿರುತ್ತವಲ್ಲ, ಚೇಂಬರಿನ ಗಾಜು, ಉಕ್ಕು, ರಬ್ಬರ್ ಎಲ್ಲ ಮಾಡುವುದೂ ಅದನ್ನೇ. ಏಸಿ ಲೈನಿಗೂ ಇದೇ ನಿಯಮ. ಏರಿ ಎಲ್ಲೋ ನಿಂತರೆ ತೇವ, ಏರುತ್ತಲೇ ಹೋದರೆ ತೂತು.

ಆದರೆ ಬರೀ ಗೆರೆಯ ಆಕಾರ ನೋಡಿ ಬಿಟ್ಟುಬಿಡಬೇಡಿ. ಲೆಕ್ಕ ಹಾಕಿ. ಚೇಂಬರ್ 20 ಲೀಟರ್ ಎಂದಿಟ್ಟುಕೊಳ್ಳಿ. 10 ನಿಮಿಷದಲ್ಲಿ ಗೇಜ್ 0.2ರಿಂದ 0.8ಕ್ಕೆ ಏರಿತು. ಏರಿಕೆ 0.6 ಮಿಲಿಬಾರ್. ಅದನ್ನು 20 ಲೀಟರಿನಿಂದ ಗುಣಿಸಿ 600 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 0.02 ಮಿಲಿಬಾರ್ ಲೀಟರ್. ಒಳಗೆ ಬರುತ್ತಿರುವ ಒಟ್ಟು ಅನಿಲ ಇಷ್ಟು, ಸೋರಿಕೆಯೋ ತೇವವೋ ಯಾವುದಾದರೂ ಇರಲಿ. ಪಂಪಿನ ಎಳೆತ ನಿಮಿಷಕ್ಕೆ 250 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 4. 0.02ನ್ನು 4ರಿಂದ ಭಾಗಿಸಿ. 0.005 ಮಿಲಿಬಾರ್ ಬರುತ್ತದೆ. ಹೋಸ್ ಉದ್ದವಿದೆ, ಸಪೂರ ಇದೆ, ಎಳೆತ ಅರ್ಧಕ್ಕೆ ಬಿತ್ತು ಅಂತಲೇ ಇಟ್ಟುಕೊಳ್ಳೋಣ. ಆಗಲೂ 0.01.

ಈ ಸೋರಿಕೆಯನ್ನು ಇಟ್ಟುಕೊಂಡೇ ಒತ್ತಡ 0.01ರ ಹತ್ತಿರ ಇರಬೇಕಿತ್ತು. ಗೇಜ್ ತೋರಿಸುತ್ತಿರುವುದು ಅದರ ಇಪ್ಪತ್ತರಷ್ಟು. ಅಂದಮೇಲೆ ಓ ರಿಂಗ್ ಹುಡುಕುತ್ತಾ ಕೂರುವುದು ಸುಮ್ನೆ ಕಾಲಹರಣ. ಒಂದೋ ಪಂಪ್ 0.2ರ ಕೆಳಗೆ ಹೋಗುತ್ತಿಲ್ಲ, ಇಲ್ಲವೇ ಗೇಜಿನ ಝೀರೋ ಸರಿದಿದೆ. ನಾಲ್ಕು ಅನುಮಾನ ಎರಡಕ್ಕೆ ಇಳಿಯಿತು, ಒಂದು ಸ್ಪ್ಯಾನರ್ ಕೂಡ ಎತ್ತದೆ.

ಝೀರೋ ಸರಿದ ಗೇಜಿನಲ್ಲಿ ಈ ಪರೀಕ್ಷೆ ನಂಬಬಹುದೇ ಎಂದು ಕೇಳಬಹುದು. ಸರಿದಿರುವುದು ಪಾಯಿಂಟ್ ಒಂದೆರಡರಷ್ಟು. ಅದಕ್ಕೇ 10 ನಿಮಿಷ ಕಾದು ಅರ್ಧ ಮಿಲಿಬಾರ್ ದಾಟಿಸಿದ್ದು. ಏರಿಕೆ ದೊಡ್ಡದಾದಷ್ಟೂ ಝೀರೋ ತಪ್ಪಿನ ತೂಕ ಕಡಿಮೆ.

ಲೆಕ್ಕದಲ್ಲಿ ಸೋರಿಕೆಯೇ ಕಳ್ಳ ಎಂದು ಬಂದರೆ ಮಾತ್ರ ಹುಡುಕಲು ಹೊರಡಿ. ಪ್ರತಿ ಜೋಡಣೆಗೂ ಬ್ರಷ್ಷಿನಲ್ಲಿ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿರಾನಿಯ ಮೇಲೆ ಕಣ್ಣಿಡಿ. ತೂತಿನ ಮೇಲೆ ಬಿದ್ದ ತಕ್ಷಣ ಮುಳ್ಳು ಕುಣಿಯುತ್ತದೆ. ಬಿಸಿ ಹೀಟರ್, ಸ್ಪಾರ್ಕ್ ಹತ್ತಿರ ಬೇಡ. ಮೇಲಿನಿಂದ ಕೆಳಕ್ಕೆ ಹಚ್ಚಬೇಡಿ, ಸುರಿದು ಕೆಳಗಿನ ಜೋಡಣೆಯ ತಪ್ಪನ್ನು ಮೇಲಿನದರ ಮೇಲೆ ಹೊರಿಸಿದಂತಾಗುತ್ತದೆ. ಕೆಳಗಿನಿಂದ ಶುರುಮಾಡಿ. ಓ ರಿಂಗ್ ತೆಗೆದರೆ ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಅಡ್ಡ ಬಿದ್ದ ಒಂದು ಕೂದಲು ಸಾಕು.

ಪಂಪಿನ ಸರದಿ

ಪಂಪನ್ನು ಒಂಟಿಯಾಗಿ ಪರೀಕ್ಷಿಸಬೇಕು. ಚೇಂಬರ್ ಬಿಚ್ಚಿ, ಗೇಜನ್ನು ಪಂಪಿನ ಬಾಯಿಗೇ ಕೂರಿಸಿ. ಎರಡು ಹಂತದ ಒಳ್ಳೆ ರೋಟರಿ ಪಂಪ್ ಒಂಟಿಯಾಗಿ 0.01 ಮಿಲಿಬಾರ್‌ಗಿಂತ ಕೆಳಗೆ ಹೋಗಲೇಬೇಕು. ಕಿವಿಯೂ ಸಹಾಯ ಮಾಡುತ್ತದೆ. ಗಾಳಿ ಎಳೆಯುವಾಗಿನ ಗುಳುಗುಳು ಸದ್ದು ಹೋಗಿ, ಒತ್ತಡ ಚೆನ್ನಾಗಿ ಇಳಿದಾಗ ಪಂಪ್ ಒಣಗಿದಂಥ ಟಕ್ ಟಕ್ ಸದ್ದು ಮಾಡುತ್ತದೆ. ಗಾಳಿಯ ಮೆತ್ತೆ ಇಲ್ಲದೆ ಆಯಿಲ್ ನೇರ ಬಡಿಯುವ ಸದ್ದು ಅದು. ಆ ಟಕ್ ಟಕ್ ಕೇಳುತ್ತಿದ್ದು ಗೇಜ್ ಮಾತ್ರ 0.2 ಎನ್ನುತ್ತಿದ್ದರೆ ನಾನು ಪಂಪನ್ನು ನಂಬುತ್ತೇನೆ.

ಆಯಿಲ್ ಕಿಟಕಿ ನೋಡಿ. ಜೇನುಬಣ್ಣ ಇದ್ದರೆ ಸರಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. 20 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 23 ಮಿಲಿಬಾರ್. ಅದು ಪಂಪಿನ ಒಳಗೆ ಒತ್ತಿಹೋಗುವಾಗ ಹೊರಬೀಳುವ ಬದಲು ನೀರಾಗಿ ಆಯಿಲಿಗೇ ಸೇರುತ್ತದೆ, ಮತ್ತೆ ಚೇಂಬರ್ ಕಡೆಗೆ ಆವಿಯಾಗಿ ಬರುತ್ತದೆ. ಇದಕ್ಕೆಂದೇ ವೋಲ್ಫ್‌ಗ್ಯಾಂಗ್ ಗೇಡ 1935ರಲ್ಲಿ ಗ್ಯಾಸ್ ಬಲಾಸ್ಟ್ ಕಂಡುಹಿಡಿದದ್ದು. ಒತ್ತುವಾಗ ಸ್ವಲ್ಪ ಹೊರಗಿನ ಗಾಳಿ ಬಿಟ್ಟು ಆವಿ ನೀರಾಗದಂತೆ ತಡೆಯುವ ಕಿಂಡಿ ಅದು. ಪಂಪಿನ ಮೇಲಿರುವ ಆ ಸಣ್ಣ ತಿರುಪನ್ನು ಎಷ್ಟೋ ಕಡೆ ಯಾರೂ ಮುಟ್ಟಿಯೇ ಇರುವುದಿಲ್ಲ. ಗಾಳಿ ಎಳೆಯುವ ಬಾಯಿ ಮುಚ್ಚಿ, ಬಲಾಸ್ಟ್ ತೆರೆದು, ಪಂಪ್ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ಇನ್ನೂ ಅರ್ಧ ಗಂಟೆ ಬಿಡಿ. ಮಳೆಗಾಲದಲ್ಲಿ ಬಲಾಸ್ಟ್ ಎಳೆದುಕೊಳ್ಳುವ ಗಾಳಿಯೂ ಹಸಿಯೇ ಅಲ್ವಾ? ಅದರ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಕೊಳವೆ ಸಿಕ್ಕಿಸಿದರೆ ಒಳ್ಳೆಯದು. ನೀಲಿ ಹರಳು ಗುಲಾಬಿಯಾದರೆ ಹುರಿದು ಮತ್ತೆ ಬಳಸಬಹುದು. ಇಷ್ಟಾದರೂ ಬಿಳುಪು ಹೋಗದಿದ್ದರೆ ಮಾತ್ರ ಆಯಿಲ್ ಬದಲಿಸಿ.

ಐಸ್ ಮತ್ತು ಉಪ್ಪಿನ ಟ್ರ್ಯಾಪ್ ಇಟ್ಟರೆ ಆವಿ ಹಿಡಿಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮೈನಸ್ 20 ಡಿಗ್ರಿಯಲ್ಲೂ ಮಂಜುಗಡ್ಡೆಯ ಆವಿಯ ಒತ್ತಡ 1 ಮಿಲಿಬಾರ್ ಇರುತ್ತದೆ. ನಮಗೆ ಬೇಕಿರುವುದು ಅದಕ್ಕಿಂತ ಬಹಳ ಕೆಳಗಿನದು. ಡ್ರೈ ಐಸ್ ಅಥವಾ ದ್ರವ ಸಾರಜನಕ ಆದರೆ ಸರಿ. ದ್ರವ ಸಾರಜನಕ ನಮ್ಮ ಕಡೆ ಇರುವುದು ಹೆಚ್ಚಾಗಿ ದನಗಳ ಕೃತಕ ಗರ್ಭಧಾರಣೆಗೆ ವೀರ್ಯ ಕಾಪಿಡುವ ಕಂಟೇನರ್‌ಗಳಲ್ಲಿ. ಅದನ್ನು ಕೇಳಿಕೊಂಡು ಹೋಗುವುದು ಸರಿಯಲ್ಲ.

ಗೋಡೆಯ ಮೇಲೆ ಹಳೇ ಮೆಕ್ಲಿಯೋಡ್ ಗೇಜ್ ಇನ್ನೂ ಉಳಿದಿದ್ದರೆ ನೀವು ಪುಣ್ಯವಂತರು. 1874ರ ಈ ಪಾದರಸದ ಗೇಜ್ ಒಳಗಿನ ಅನಿಲವನ್ನು ಒತ್ತಿ ಅಳೆಯುತ್ತದೆ. ಒತ್ತಿದಾಗ ನೀರಿನ ಆವಿ ನೀರಾಗಿಬಿಡುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಪಿರಾನಿ 0.2, ಮೆಕ್ಲಿಯೋಡ್ 0.01 ಎಂದರೆ ಗಾಳಿಯಂತೂ ಅಷ್ಟಿಲ್ಲ. ಆವಿಯಿದೆ, ಇಲ್ಲವೇ ಪಿರಾನಿ ಕೊಳಕಾಗಿದೆ. ಪಂಪನ್ನು ಹಾಗೇ ಓಡಲು ಬಿಡಿ. ಗಂಟೆಗಟ್ಟಲೆ ಓಡಿದಂತೆ ಪಿರಾನಿ ನಿಧಾನವಾಗಿ ಇಳಿಯುತ್ತಾ ಬಂದರೆ ಆವಿ. ಜಪ್ಪಯ್ಯ ಅಂದರೂ ಕದಲದಿದ್ದರೆ ಕೊಳಕು. ಪಾದರಸ ವಿಷ, ಗಾಜು ಹಳೆಯದು. ಕೆಳಗೆ ಟ್ರೇ ಇಡದೆ ಅದನ್ನು ಮುಟ್ಟಬೇಡಿ.

ಕರೆಂಟ್ ಹೋದಾಗ ಏನಾಗುತ್ತದೆ

ಪಿರಾನಿಗೆ ಆಯಿಲ್ ಬರುವುದು ಎಲ್ಲಿಂದ? ಕೊಡಗಿನಲ್ಲಿ ನನ್ನ ಮೊದಲ ಅನುಮಾನ ಕರೆಂಟಿನ ಮೇಲೆ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋಯಿತು, ಪಂಪ್ ನಿಂತಿತು. ಒಳಗೆ ಶೂನ್ಯ, ಹೊರಗೆ 880 ಮಿಲಿಬಾರ್. ತಡೆಯುವ ವಾಲ್ವ್ ಇಲ್ಲದ ಹಳೇ ಪಂಪಿನಲ್ಲಿ, ಅಥವಾ ವಾಲ್ವ್ ಸವೆದ ಪಂಪಿನಲ್ಲಿ, ಹೊರಗಿನ ಗಾಳಿ ಆಯಿಲನ್ನು ಹಿಂದಕ್ಕೆ ನೂಕಿ ಹೋಸಿಗೆ ಏರಿಸುತ್ತದೆ. ಗೇಜ್ ಹೆಡ್ (ತಂತಿ ಇರುವ ಭಾಗ) ಆ ದಾರಿಯಲ್ಲೇ ಇದ್ದರೆ ತಂತಿಗೆ ಸ್ನಾನ. ಕರೆಂಟ್ ಬಂದ ಮೇಲೆ ಪಂಪ್ ಆಯಿಲನ್ನು ಮತ್ತೆ ಎಳೆದುಕೊಳ್ಳುತ್ತದೆ, ಹೊರಗೆ ಏನೂ ಗುರುತು ಉಳಿಯುವುದಿಲ್ಲ. ಉಳಿಯುವುದು ತಂತಿಯ ಮೇಲಿನ ಪದರ ಮಾತ್ರ.

ಗೇಜ್ ಬಿಚ್ಚಿ ಬಾಯಿಯ ಅಂಚಿಗೆ ಬಿಳಿ ಟಿಶ್ಯೂ ತಾಗಿಸಿ ನೋಡಿ. ಹಳದಿ ಕಲೆ ಬಂದರೆ ಉತ್ತರ ಸಿಕ್ಕಿತು. ಮುಂದಕ್ಕೆ ಹೀಗಾಗದಂತೆ, ಕರೆಂಟ್ ಹೋದ ಕೂಡಲೇ ತಾನೇ ಚೇಂಬರ್ ಕಡೆ ಮುಚ್ಚಿ ಪಂಪಿಗೆ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವ್ ಹಾಕಿಸಿ. ಗೇಜಿನ ಬಾಯಿ ಕೆಳಮುಖವಾಗಿರಲಿ. ಮೇಲ್ಮುಖವಾಗಿ ಕೂರಿಸಿದ ಹೆಡ್ ಅಂದರೆ ಆಯಿಲ್ ತುಂಬಿಡಲು ಲೋಟ ಇಟ್ಟಂತೆ.

ತೊಳೆಯುವುದಕ್ಕೆ ಅವಸರ ಬೇಡ. ಮೊದಲು ಮಲ್ಟಿಮೀಟರಿನಲ್ಲಿ ತಂತಿಯ ರೋಧ ನೋಡಿ ಒಳ್ಳೆ ಹೆಡ್ಡಿನ ಜೊತೆ ಹೋಲಿಸಿ. ಕಡಿದುಹೋಗಿದ್ದರೆ ತೊಳೆದು ಪ್ರಯೋಜನವಿಲ್ಲ. ತಂತಿ ಸರಿಯಿದ್ದರೆ ಬಾಯಿ ಮೇಲೆ ಮಾಡಿ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಕುಲುಕದೆ ಮೆಲ್ಲಗೆ ತಿರುಗಿಸಿ, ಚೆಲ್ಲಿ. ಹೊಸದು ಬಿಟ್ಟು ಮತ್ತೆ ಮಾಡಿ. ಹತ್ತಿ ಕಡ್ಡಿ ಹಾಕಬೇಡಿ, ಕಂಪ್ರೆಸರ್ ಗಾಳಿ ಊದಬೇಡಿ, ತಂತಿ ಹೋಗುತ್ತದೆ. ಬಾಯಿ ಕೆಳಗೆ ಮಾಡಿ, ಆಲ್ಕೋಹಾಲ್ ವಾಸನೆ ಪೂರ್ತಿ ಹೋಗುವವರೆಗೆ ಬಯಲಲ್ಲಿ ಬಿಡಿ. ಆಮೇಲೆ ಬಲ್ಬ್ ಉರಿಸಿಟ್ಟ ಬೀರುವಿನಲ್ಲಿ ಒಂದು ರಾತ್ರಿ ಇಡಿ. ಬಟ್ಟೆಗೆ ಬೂಷ್ಟು ಬಾರದಿರಲೆಂದು ಮನೆಗಳಲ್ಲಿ ಮಾಡುವ ಉಪಾಯವೇ ಇಲ್ಲಿಗೂ ಸಾಕು.

ಈಗ ಬೇಕಾದರೆ ಝೀರೋ ಸ್ಕ್ರೂ ಮುಟ್ಟಿ. ಆದರೆ ಒಳಗಿನ ಒತ್ತಡ 0.0001 ಮಿಲಿಬಾರ್‌ಗಿಂತ ಕೆಳಗಿದೆ ಎಂದು ಬೇರೆ ಗೇಜ್ ಹೇಳುತ್ತಿರುವಾಗ ಮಾತ್ರ. ಬರೀ ರೋಟರಿ ಪಂಪ್ ಓಡಿಸಿ ಝೀರೋ ಮಾಡಿದರೆ ಪಂಪಿನ ಮಿತಿಯನ್ನೇ ಶೂನ್ಯ ಎಂದು ಬರೆದುಕೊಟ್ಟ ಹಾಗೆ. ಬಯಲು ಗಾಳಿಯ ಹೊಂದಾಣಿಕೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಆ ತುದಿಯಲ್ಲಿ ಮಾಮೂಲಿ ಪಿರಾನಿಗೆ 880ಕ್ಕೂ 1000ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ಹೆಡ್ ಬೇರೆಯೇ ಕೊಂಡು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡುವುದು ಒಳ್ಳೆಯದು. ದಿನದ ಕೆಲಸಕ್ಕೆ ಅದನ್ನು ಬಳಸಬೇಡಿ. ಅನುಮಾನ ಬಂದಾಗ ಅದನ್ನು ಹಾಕಿ ನೋಡಿದರೆ ಮೇಲಿನ ಅರ್ಧ ತನಿಖೆ ಬೇಕಾಗುವುದಿಲ್ಲ.

ಪೆನ್ನಿಂಗ್ ಗೇಜಿನ ಸುಳ್ಳು ಬೇರೆ ಥರ

ರೋಟರಿ ಪಂಪಿಗಿಂತ ಕೆಳಗಿನ ಒತ್ತಡಕ್ಕೆ ಒಯ್ಯುವ ಡಿಫ್ಯೂಷನ್ ಪಂಪ್ ಇರುವವರ ಹತ್ತಿರ ಪೆನ್ನಿಂಗ್ ಗೇಜ್ ಇರುತ್ತದೆ. 1937ರಲ್ಲಿ ಬಂದದ್ದು. ಎರಡು ಮೂರು ಸಾವಿರ ವೋಲ್ಟ್ ಮತ್ತು ಒಂದು ಅಯಸ್ಕಾಂತದ ನಡುವೆ ಅನಿಲದಲ್ಲಿ ಹರಿಯುವ ಕರೆಂಟನ್ನು ಅಳೆದು ಒತ್ತಡ ಹೇಳುತ್ತದೆ. 0.01 ಮಿಲಿಬಾರ್‌ನಿಂದ ಕೆಳಕ್ಕೆ ಇದರ ಆಟ.

ಕೊಳಕಾದ ಪಿರಾನಿ ಕೆಟ್ಟ ಸುದ್ದಿ ಹೇಳುತ್ತದೆ, ಕೊಳಕಾದ ಪೆನ್ನಿಂಗ್ ಒಳ್ಳೆ ಸುದ್ದಿ ಹೇಳುತ್ತದೆ. ಎಲೆಕ್ಟ್ರೋಡ್ ಮೇಲೆ ಸುಟ್ಟ ಆಯಿಲಿನ ಕಪ್ಪು ಪದರ ಕೂತರೆ ಕರೆಂಟ್ ಕಡಿಮೆ, ಒತ್ತಡವೂ ಕಡಿಮೆ ಇದೆ ಎನ್ನುತ್ತದೆ. ಡಿಸ್‌ಚಾರ್ಜ್ (ಅನಿಲದಲ್ಲಿ ಕರೆಂಟ್ ಹರಿಯುವುದು) ಹೊತ್ತಿಕೊಳ್ಳದೇ ಇದ್ದರಂತೂ ಅತ್ಯುತ್ತಮ ವ್ಯಾಕ್ಯೂಮ್! ಪೆನ್ನಿಂಗ್ ದಿಢೀರನೆ ಖುಷಿಪಡಿಸಿದರೆ ಅನುಮಾನಿಸಿ. ಎಲೆಕ್ಟ್ರೋಡನ್ನು ಸಣ್ಣ ಎಮರಿ ಹಾಳೆಯಲ್ಲಿ ಹೊಳಪು ಬರುವವರೆಗೆ ಉಜ್ಜಿ, ಆಲ್ಕೋಹಾಲಿನಲ್ಲಿ ತೊಳೆದರೆ ಸಾಕು. ಇದು ಪಿರಾನಿಯಷ್ಟು ನಾಜೂಕಲ್ಲ.

ಮಳೆಗಾಲದಲ್ಲಿ ಮಾತ್ರ ಇದು ಉಲ್ಟಾ ಹೊಡೆಯುತ್ತದೆ. ಹೈ ವೋಲ್ಟೇಜ್ ಕನೆಕ್ಟರಿನ ಇನ್ಸುಲೇಟರ್ ಮೇಲೆ ತೇವದ ತೆಳು ಪದರ ಕೂತಿತು ಎಂದುಕೊಳ್ಳಿ. ಅದರ ರೋಧ 100 ಕೋಟಿ ಓಂ ಇದ್ದರೂ 2,500 ವೋಲ್ಟಿಗೆ 2.5 ಮೈಕ್ರೋಆಂಪಿಯರ್ ಹರಿಯುತ್ತದೆ. ಮಾಮೂಲಿ ಮಲ್ಟಿಮೀಟರಿಗೆ ಅದು ಕಾಣುವುದೇ ಇಲ್ಲ. ಆದರೆ ಒಳ್ಳೆ ವ್ಯಾಕ್ಯೂಮಿನಲ್ಲಿ ಗೇಜ್ ನೋಡುವ ಕರೆಂಟೇ ಕೆಲವು ಮೈಕ್ರೋಆಂಪಿಯರ್. ಗೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿಯದೆ ನಿಲ್ಲುತ್ತದೆ, ತಪ್ಪು ಪಂಪಿನ ತಲೆಗೆ ಬರುತ್ತದೆ.

ಪರೀಕ್ಷೆ ಹೀಗೆ. ಕಂಟ್ರೋಲರ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಕೇಬಲನ್ನು ಗೇಜ್ ಹೆಡ್ಡಿನಿಂದ ತೆಗೆದು, ತುದಿ ಯಾವುದಕ್ಕೂ ಯಾರಿಗೂ ತಾಗದಂತೆ ಇಟ್ಟು, ಆನ್ ಮಾಡಿ. ರೀಡಿಂಗ್ ತಳ ಸೇರಬೇಕು. ಹೆಡ್ಡೇ ಇಲ್ಲದೆ ಇನ್ನೂ ಒತ್ತಡ ತೋರಿಸುತ್ತಿದ್ದರೆ ಸೋರುತ್ತಿರುವುದು ಕರೆಂಟ್, ಗಾಳಿಯಲ್ಲ. ಮತ್ತೆ ಆಫ್ ಮಾಡಿ, ಕನೆಕ್ಟರನ್ನು ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ ಹಾಕಿ. ಈ ಪರೀಕ್ಷೆಯನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಬೇಡಿ. ಪೇಸ್‌ಮೇಕರ್ ಇರುವವರು ಈ ಗೇಜಿನ ಅಯಸ್ಕಾಂತದಿಂದ ದೂರ ಇರಲಿ.

ಕಾಫಿ ಪ್ಯಾಕಿಂಗ್ ಯಂತ್ರಗಳು

ಇವುಗಳ ದೋಷ ಹೆಚ್ಚಾಗಿ ಸೆನ್ಸರಿಗೆ ಹೋಗುವ ಸಪೂರ ಕೊಳವೆಯಲ್ಲಿ ಇರುತ್ತದೆ. ಪುಡಿ ಸೇರಿ ಗಟ್ಟಿಯಾಗಿ, ರೀಡಿಂಗ್ ನಿಧಾನವಾಗುತ್ತದೆ ಅಥವಾ ಅಲ್ಲೇ ನಿಲ್ಲುತ್ತದೆ. ಕೊಳವೆ ಬದಲಿಸಿ, ಫಿಲ್ಟರ್ ತೊಳೆಯಿರಿ. ಡಿಜಿಟಲ್ ಸೆನ್ಸರ್ 1013 ಮಿಲಿಬಾರನ್ನೇ ಸೊನ್ನೆ ಎಂದು ಹಿಡಿಯುವ ಬಗೆಯದಾದರೆ, ಮಡಿಕೇರಿಯಲ್ಲಿ ಮುಚ್ಚಳ ತೆರೆದಿಟ್ಟಾಗಲೇ ಶೇ 13ರಷ್ಟು ವ್ಯಾಕ್ಯೂಮ್ ತೋರಿಸುತ್ತದೆ. ಅದನ್ನು ದೋಷ ಎಂದು ರಿಪೇರಿಗೆ ಕೊಡಬೇಡಿ.

ಪ್ಯಾಕ್ ಮಾಡಿದ ಮೇಲೆ ಪೊಟ್ಟಣ ಉಬ್ಬಿದರೆ ಗೇಜನ್ನು ಬೈಯುವ ಮೊದಲು ಹುರಿದದ್ದು ಯಾವಾಗ ಎಂದು ಕೇಳಿ. ಹೊಸದಾಗಿ ಹುರಿದ ಕಾಫಿ ದಿನಗಟ್ಟಲೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಒಮ್ಮುಖ ವಾಲ್ವ್ ಇರುವ ಪೊಟ್ಟಣವೇ ಬೇಕು.